ಮೊರೆಮಿ ಕಾಡಿಗೆ ಹೊರಡುವ ಮುಂಚೆ ಟೈರಿನ ಗಾಳಿ ನೋಡಿ

ಬೋಟ್ಸ್ವಾನಾದ ಮೊರೆಮಿ ಕಾಡಿನಲ್ಲಿ ತಾವೇ ಗಾಡಿ ಓಡಿಸಿಕೊಂಡು ಸುತ್ತಬೇಕು ಅನ್ನುವವರ ಜೊತೆಗೆ ಹೋಗುವುದು ನನ್ನ ಕೆಲಸ. ನಮ್ಮ ಕಡೆಯಿಂದ ಬಂದವರು ಮೊದಲು ಕೇಳುವುದು ಸಿಂಹದ ವಿಷಯ. "ಕ್ಯಾಂಪಿಗೆ ಬೇಲಿನೇ ಇಲ್ವಂತೆ, ರಾತ್ರಿ ಹತ್ತಿರ ಬಂದ್ರೆ?" ಭಯ ಸಹಜ. ಬಂಡೀಪುರದಲ್ಲಿ ಸಫಾರಿ ಗಾಡಿಯಲ್ಲಿ ಕೂತು ನೋಡಿ ಬರುವ ಅಭ್ಯಾಸ ನಮ್ಮದು, ಕಾಡಿನ ನಡುವೆ ಮಲಗಿ ಗೊತ್ತಿಲ್ಲ. ಸಿಂಹದ ಮಾತು ಆಮೇಲೆ ಆಡೋಣ ಅಂತ ಹೇಳಿ, ನಾನು ಅವರ ಕೈಗೆ ಟೈರಿನ ಗಾಳಿ ನೋಡುವ ಗೇಜ್ ಕೊಡುತ್ತೇನೆ.

ಮಾಉನ್ ಊರಿನಿಂದ ಮೊರೆಮಿಯ ದಕ್ಷಿಣ ಗೇಟಿಗೆ ಸುಮಾರು 100 ಕಿ.ಮೀ. ಟ್ಯಾಂಕ್ ಊರಲ್ಲೇ ತುಂಬಿಸಿ, ಒಳಗೆ ಬಂಕ್ ಇಲ್ಲ. ಶೊರೋಬೆ ಹಳ್ಳಿ ದಾಟಿ ಟಾರು ಮುಗಿದ ಮೇಲೆ ಮರಳು ಶುರು. ಅಲ್ಲಿ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದ ಗಾಳಿಯನ್ನು 20–22ಕ್ಕೆ ಇಳಿಸಬೇಕು. ಆಗ ಟೈರು ಅಗಲವಾಗಿ ಕೂತು ಮರಳಿನ ಮೇಲೆ ತೇಲಿದ ಹಾಗೆ ಹೋಗುತ್ತದೆ. ಇಳಿಸದಿದ್ದರೆ ಮರಳನ್ನು ಸೀಳಿಕೊಂಡು ಕೆಳಗೆ ಹೋಗುತ್ತದೆ. ಸಿಕ್ಕಿಹಾಕಿಕೊಂಡರೆ ಆಕ್ಸಿಲರೇಟರ್ ಒತ್ತಬೇಡಿ, ಗಾಡಿ ಇನ್ನೂ ಹೂತುಹೋಗುತ್ತದೆ. ಕೆಳಗೆ ಇಳಿಯುವ ಮುಂಚೆ ಸುತ್ತ ಪೊದೆ ನೋಡಿ, ಆಮೇಲೆ ಸಲಿಕೆ ಹಿಡಿಯಿರಿ.

ಈ ಕಾಡಿನಲ್ಲಿ ಎಲ್ಲೆಲ್ಲೂ ಮೊಪಾನೆ ಮರ. ಎಲೆ ನಮ್ಮ ಬಸವನಪಾದದ ಎಲೆಯ ಹಾಗೆ ಎರಡು ಭಾಗ, ಚಿಟ್ಟೆ ರೆಕ್ಕೆ ಬಿಚ್ಚಿದಂತೆ. ಉಜ್ಜಿದರೆ ಟರ್ಪೆಂಟೈನ್ ವಾಸನೆ. ಆನೆಗಳಿಗೆ ಇದು ಇಷ್ಟದ ಮೇವು, ಹಾಗಾಗಿ ತಿರುವಿನಲ್ಲಿ ನಿಧಾನ.

ಜನ ನಂಬದ ಒಂದು ಸಂಗತಿ ಇದೆ. ಈ ಕಾಡಿಗೆ ಬರುವ ಒಕವಾಂಗೋ ನದಿಯ ನೀರು ಅಂಗೋಲಾದ ಬೆಟ್ಟಗಳಿಂದ ತಿಂಗಳುಗಟ್ಟಲೆ ಹರಿದು ಬರುತ್ತದೆ. ಇಲ್ಲಿ ಮಳೆ ನಿಂತು ಎಲ್ಲ ಒಣಗಿದ ಜೂನ್, ಜುಲೈನಲ್ಲಿ ಪ್ರವಾಹ ಏರಿರುತ್ತದೆ. ಹೋದ ವರ್ಷದ ದಾರಿ ಈ ವರ್ಷ ನೀರೊಳಗೆ ಇರಬಹುದು. ಫೋನಿನ ಮ್ಯಾಪ್ ನಂಬಿ ನೀರಿಗೆ ಇಳಿಯಬೇಡಿ, ಗೇಟಿನಲ್ಲಿ ಅವತ್ತಿನ ಸ್ಥಿತಿ ಕೇಳಿ. ಕಾಲಿಟ್ಟು ಆಳ ನೋಡಲೂ ಹೋಗಬೇಡಿ. ಮೊಸಳೆ, ನೀರಾನೆ ಇರುವ ನೀರು ಅದು.

ಮೇ ತಿಂಗಳಲ್ಲಿ ಒಮ್ಮೆ ನಾಲ್ಕು ಜನರ ಜೊತೆ ಹೋಗಿದ್ದೆ. ಮಳೆ ಮುಗಿದು ಚಕ್ರದ ಎರಡು ಜಾಡಿನ ನಡುವೆ ಹುಲ್ಲು ಬಾನೆಟ್ ಎತ್ತರಕ್ಕೆ ಬೆಳೆದು ಒಣಗಿತ್ತು. ಹಿಂದಿನ ಸೀಟಿನಲ್ಲಿದ್ದ ಅಮ್ಮನವರು, "ಏನೋ ಸೀದ ವಾಸನೆ ಬರ್ತಿದೆ, ಅಲ್ವಾ?" ಅಂದರು. ತಕ್ಷಣ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದರೆ, ಸೈಲೆನ್ಸರ್ ಪೈಪಿಗೆ ಹುಲ್ಲು ಹಗ್ಗದ ಹಾಗೆ ಸುತ್ತಿಕೊಂಡು ಹೊಗೆಯಾಡುತ್ತಿತ್ತು. ಕುಡಿಯುವ ನೀರು ಸುರಿದು, ತಂತಿಯ ಕೊಕ್ಕೆಯಲ್ಲಿ ಎಳೆದು ತೆಗೆದೆವು. ಇನ್ನು ಹತ್ತು ನಿಮಿಷ ಹೋಗಿದ್ದರೆ ಗಾಡಿಗೇ ಬೆಂಕಿ. ಹುಲ್ಲಿನ ಬೀಜ ರೇಡಿಯೇಟರಿಗೂ ಮೆತ್ತಿಕೊಂಡು ಇಂಜಿನ್ ಕಾಯುತ್ತದೆ. ರೇಡಿಯೇಟರಿನ ಮುಂದೆ ಸಣ್ಣ ಕಣ್ಣಿನ ಬಲೆ ಕಟ್ಟಿ, ಗಂಟೆಗೊಮ್ಮೆ ಇಳಿದು ಗಾಡಿಯ ಅಡಿ ನೋಡಿ. ನಿಲ್ಲಿಸುವಾಗ ಒಣಹುಲ್ಲಿನ ಮೇಲೆ ಬೇಡ.

ಕ್ಯಾಂಪಿಗೆ ನಾಲ್ಕು ಗಂಟೆಗೆ ಸೇರಿಬಿಡಿ. 50 ಕಿ.ಮೀ.ಗೆ ಎರಡು ಮೂರು ಗಂಟೆ ಹಿಡಿಯುವ ದಾರಿ, ಕತ್ತಲಾದ ಮೇಲೆ ಓಡಿಸುವ ಹಾಗೂ ಇಲ್ಲ. ಮೊರೆಮಿಯೊಳಗಿನ ಥರ್ಡ್ ಬ್ರಿಡ್ಜ್ ಕ್ಯಾಂಪಿನಲ್ಲಿ ಬಬೂನ್ ಕೋತಿಗಳು ಕಣ್ಣೆದುರೇ ಬ್ರೆಡ್ ಎತ್ತಿಕೊಂಡು ಹೋಗುತ್ತವೆ. ಊಟದ ಸಾಮಾನೆಲ್ಲ ಗಾಡಿಯೊಳಗೆ. ಕಿತ್ತಳೆ ಹಣ್ಣನ್ನಂತೂ ತರಲೇಬೇಡಿ, ಆನೆ ಅದರ ವಾಸನೆ ಹಿಡಿದು ಬರುತ್ತದೆ. ಚಪ್ಪಲಿ ಹೊರಗೆ ಬಿಟ್ಟರೆ ಕತ್ತೆಕಿರುಬ ಕಚ್ಚಿಕೊಂಡು ಹೋಗುತ್ತದೆ.

ಈಗ ಸಿಂಹದ ಮಾತು. ಟೆಂಟಿನ ಜಿಪ್ ಪೂರ್ತಿ ಎಳೆದಿರಬೇಕು. ಸೆಖೆ ಅಂತ ಒಂದು ಗೇಣೂ ತೆರೆದಿಡಬೇಡಿ. ರಾತ್ರಿ ಒಬ್ಬರೇ ಶೌಚಾಲಯಕ್ಕೆ ನಡೆಯಬೇಡಿ. ಗರ್ಜನೆ ಕೇಳಿಸಿದರೆ ಸುಮ್ನೆ ಮಲಗಿಕೊಂಡೇ ಕೇಳಿ. ಎಷ್ಟೋ ಕಿಲೋಮೀಟರ್ ದೂರದ್ದೂ ಪಕ್ಕದಲ್ಲೇ ಇದ್ದ ಹಾಗೆ ಕೇಳುತ್ತದೆ.

ವಾಪಸ್ ಬರುವಾಗ ಟಾರು ಸಿಕ್ಕ ಕೂಡಲೇ ಎಲ್ಲರೂ ಫೋನ್ ತೆಗೆಯುತ್ತಾರೆ. ಅದಕ್ಕೂ ಮೊದಲು ಕಂಪ್ರೆಸರ್ ತೆಗೆಯಿರಿ. 20 ಪಿಎಸ್‌ಐ ಗಾಳಿಯಲ್ಲಿ ಟಾರಿನ ಮೇಲೆ ಜೋರಾಗಿ ಓಡಿಸಿದರೆ ಟೈರಿನ ಪಕ್ಕೆ ಕಾದು ಒಡೆಯುತ್ತದೆ. ನಾಲ್ಕು ಚಕ್ರಕ್ಕೂ ಗಾಳಿ ತುಂಬಿಸಿ, ಆಮೇಲೆ ಮನೆಗೆ ಫೋನ್ ಮಾಡಿ.