ಗದುಗಿನ ಭಾರತ ಓದೋಕೆ ಕನ್ನಡ ಎಂಎ ಆಗಿರ್ಬೇಕಾ?

"ಸರ್, ರಿಟೈರ್ ಆಗಿದೀನಿ, ಓದಿದ್ದು ಬಿಕಾಂ, ಕುಮಾರವ್ಯಾಸನ್ನ ಓದೋ ಆಸೆ, ಆದ್ರೆ ಹಳೆಗನ್ನಡ ಬರಲ್ಲ, ಮೊದ್ಲು ವ್ಯಾಕರಣ ಕಲೀಬೇಕಾ?" ಎಷ್ಟು ಸಲ ಉತ್ತರ ಕೊಟ್ರೂ ಮತ್ತೆ ಇದೇ ಪ್ರಶ್ನೆ ಬರುತ್ತೆ. ಬೇಡ. ಕುಮಾರವ್ಯಾಸ ಬರೆದ ಈ ಗದುಗಿನ ಭಾರತ ಹಳೆಗನ್ನಡ ಅಲ್ವೇ ಅಲ್ಲ, ನಡುಗನ್ನಡ, ಪಂಪನಿಗಿಂತ ಎಷ್ಟೋ ಸಲೀಸು.

ಕಾವ್ಯ ಅಂದ್ರೆ ಪಂಡಿತರ ಸೊತ್ತು ಅನ್ನೋ ನಂಬಿಕೆ ಇದೆಯಲ್ಲ, ಅದನ್ನ ದಯವಿಟ್ಟು ಬಿಡಿ. ಕುಮಾರವ್ಯಾಸನೇ ಪೀಠಿಕೆಯಲ್ಲಿ ಇದು ಯಾರ್ಯಾರಿಗೆ ಏನಾಗುತ್ತೆ ಅಂತ ಪಟ್ಟಿ ಕೊಟ್ಟಿದಾನೆ: ಅರಸರಿಗೆ ವೀರ, ದ್ವಿಜರಿಗೆ ವೇದದ ಸಾರ, ಯೋಗಿಗಳಿಗೆ ತತ್ವ, ಮಂತ್ರಿಗಳಿಗೆ ಬುದ್ಧಿ, ವಿರಹಿಗಳಿಗೆ ಶೃಂಗಾರ, ಇಷ್ಟೆಲ್ಲಾ ಆದ್ಮೇಲೆ ಕೊನೆಗೆ ಬರೋದು ವಿದ್ವಾಂಸರು! ಇನ್ನು ಡಿಗ್ರಿ ವಿಷ್ಯ. ಡಿವಿಜಿ ಮೆಟ್ರಿಕ್ ಕೂಡ ಪಾಸಾಗಿರ್ಲಿಲ್ಲ, ಅವರಿಗೆ ಮೈಸೂರು ವಿಶ್ವವಿದ್ಯಾಲಯ 1961ರಲ್ಲಿ ಗೌರವ ಡಾಕ್ಟರೇಟ್ ಕೊಡ್ತು, ಅವರೇ 1945ರಲ್ಲಿ ಕಟ್ಟಿದ ಗೋಖಲೆ ಸಂಸ್ಥೆಯಲ್ಲಿ ಸಾಮಾನ್ಯ ಜನರನ್ನ ಕೂರಿಸ್ಕೊಂಡು ಗೀತೆ ಪಾಠ ಮಾಡಿದ್ರು. ಯಾರ ಮಾರ್ಕ್ಸ್‌ಕಾರ್ಡೂ ಅಲ್ಲಿ ಬೇಕಾಗಿರ್ಲಿಲ್ಲ.

ಹಾಗಾದ್ರೆ ಪುಸ್ತಕ ತೆಗೆದ ತಕ್ಷಣ ತಲೆ ಯಾಕೆ ಕೆಡುತ್ತೆ? ನಿಮ್ಮ ಕಣ್ಣಿಂದ. ಈ ಪದ್ಯದ ಶುರು ನೋಡಿ:

ವೇದಪುರುಷನ ಸುತನ ಸುತನ ಸ
ಹೋದರನ ಹೆಮ್ಮಗನ ಮಗನ ತ
ಳೋದರಿಯ...

ಮೊದಲ ಸಾಲಿನ ಕೊನೇಲಿ ಒಂಟಿ 'ಸ', ಎರಡನೇದ್ರಲ್ಲಿ ಒಂಟಿ 'ತ'. ಷಟ್ಪದಿ ಅಂದ್ರೆ ಆರು ಸಾಲಿನ ಪದ್ಯ, ಅದರ ಮಾತ್ರೆ (ಅಕ್ಷರ ಉಚ್ಚರಿಸೋ ಕಾಲದ ಅಳತೆ) ಲೆಕ್ಕಕ್ಕೆ ಸಾಲು ಮುರಿದಿದೆ ಅಷ್ಟೇ, ಅರ್ಥ ಮುರಿದಿಲ್ಲ. ಸಾಲಿನ ಕೊನೇಲಿ ನಿಲ್ಲದೆ ಗಟ್ಟಿಯಾಗಿ ಓದಿ, 'ಸಹೋದರನ', 'ತಳೋದರಿಯ' ಅಂತ ತಾನಾಗೇ ಕೂಡ್ಕೊಳ್ಳುತ್ತೆ. ಗಮಕಿಗಳು, ಅಂದ್ರೆ ಕಾವ್ಯವನ್ನ ರಾಗವಾಗಿ ಓದೋವ್ರು, ಮಾಡೋದೂ ಇದನ್ನೇ, ಪದ ಎಲ್ಲಿ ಬಿಡಿಸ್ಬೇಕು ಎಲ್ಲಿ ಸೇರಿಸ್ಬೇಕು ಅಂತ ಹಾಡ್ತಾನೇ ತೋರಿಸ್ತಾರೆ, ಪಕ್ಕದಲ್ಲಿ ವ್ಯಾಖ್ಯಾನಕಾರರು ಅರ್ಥ ಹೇಳ್ತಾರೆ. ಅಕ್ಷರ ಬಾರದ ಊರವರೂ ತಲೆಮಾರುಗಳ ಕಾಲ ಭಾರತ ಕೇಳಿ ಅತ್ತಿದ್ದು ನಕ್ಕಿದ್ದು ಹೀಗೇ. ಶಿವಮೊಗ್ಗ ಹತ್ರ ಹೊಸಹಳ್ಳಿಯಲ್ಲಿ ಇವತ್ತಿಗೂ ಗಮಕ ಇದೆ, ಅಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಸಂಗೀತ ಬರದೇ ಇದ್ರೆ ನಾವೂ ಗಮಕ ಕಲೀಬಹುದಾ ಅಂತ ಯಾರೂ ಕೇಳಲ್ಲ, ಕೇಳ್ಬೇಕು. ಧಾರಾಳವಾಗಿ ಕಲೀಬಹುದು. ಶ್ರುತಿಗೆ ಸೇರಿಸೋ ಅಭ್ಯಾಸ ಬೇಕು, ರಾಗ ಸಂದರ್ಭಕ್ಕೆ ತಕ್ಕ ಹಾಗೆ ಬದಲಾಗುತ್ತೆ, ಆದ್ರೆ ಕಛೇರಿ ಥರ ತಾಳ ಹಾಕ್ಕೊಂಡು ಕೂರೋ ಗೋಜಿಲ್ಲ, ಸರಿಗಮ ಹಾಡಿ ಬೆಳೆಸೋ ಸ್ವರಪ್ರಸ್ತಾರವೂ ಇಲ್ಲ, ಸಾಹಿತ್ಯ ಸ್ಪಷ್ಟವಾಗಿ ಕೇಳಿಸ್ಬೇಕು. ಉಚ್ಚಾರಣೆ ಮಾತ್ರ ಮೊದಲ ದಿನದಿಂದ್ಲೇ ತಿದ್ಕೊಳ್ಳಿ, ಅಲ್ಪಪ್ರಾಣ ಮಹಾಪ್ರಾಣ ಎರಡೂ.