ಜಂತಿ ಎಣಿಸುವ ಸ್ಕ್ರಿಪ್ಟು

ಧಾರವಾಡದ ಹಳೆಯ ಮಾಳಿಗೆ ಮನೆಯೊಂದರ ನಕ್ಷೆ ತಯಾರಾಗುತ್ತಿತ್ತು. ನಮ್ಮ ಕಚೇರಿಯ ಹುಡುಗಿ ಪಡಸಾಲೆಯ ಜಂತಿಗಳನ್ನು ಒಂದೊಂದಾಗಿ ಕಾಪಿ ಮಾಡಿ ಕೂರಿಸುತ್ತಿದ್ದಳು. ಗೋಡೆಯ ಅಳತೆ ಎರಡು ಸಲ ತಿದ್ದಬೇಕಾಯಿತು, ಎರಡು ಸಲವೂ ಎಲ್ಲ ಅಳಿಸಿ ಮತ್ತೆ ಕೂರಿಸಿದಳು. ಮೂರನೇ ಸಲ ನಾನೇ ಪಕ್ಕದಲ್ಲಿ ಕುಳಿತು, ಕಟ್ಟಡದ ನಕ್ಷೆ ಬರೆಯುವ ತಂತ್ರಾಂಶ ಆರ್ಕಿಕ್ಯಾಡ್‌ನ ಸ್ಕ್ರಿಪ್ಟ್ ಭಾಷೆಯಾದ ಜಿಡಿಎಲ್ ತೆರೆಸಿದೆ.

ಜಿಡಿಎಲ್ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜಾಡಿನದು. ಆರ್ಕಿಕ್ಯಾಡ್‌ನ ಕುರ್ಚಿ, ಕಿಟಕಿ, ಬಾಗಿಲುಗಳೆಲ್ಲ ಅದರಲ್ಲೇ ಬರೆದವು. ಕಲಿಯುವವರು ಸಿದ್ಧ ವಸ್ತುವೊಂದನ್ನು ಬೇರೆ ಹೆಸರಲ್ಲಿ ಉಳಿಸಿಕೊಂಡು, ಒಂದು ಅಂಕಿ ಬದಲಿಸಿ, ಏನಾಯಿತೆಂದು ನೋಡಲಿ. ಹೆಸರು ಬದಲಿಸದಿದ್ದರೆ ನಕ್ಷೆಯಲ್ಲಿ ಈಗಾಗಲೇ ಕೂತ ಪ್ರತಿಗಳೂ ಬದಲಾಗುತ್ತವೆ. ಇನ್ನೊಂದು ಮಾತು: ಸ್ಕ್ರಿಪ್ಟಿನೊಳಗೆ ಉದ್ದ ಯಾವಾಗಲೂ ಮೀಟರಿನಲ್ಲಿ. ನೂರು ಮಿಲಿಮೀಟರಿಗೆ 0.1 ಬರೆಯಬೇಕು. 100 ಬರೆದರೆ ನೂರು ಮೀಟರ್ ದಪ್ಪದ ಜಂತಿ ಏಳುತ್ತದೆ.

ಪಡಸಾಲೆ 3.6 ಮೀಟರ್, ಜಂತಿಯ ಅಗಲ 0.1, ನಡುವಿನಿಂದ ನಡುವಿಗೆ ಅಂತರ 0.45 ಮೀರಬಾರದು. ಜಂತಿ ಎಷ್ಟು? ಹುಡುಗಿ 3.6 ಅನ್ನು 0.45ರಿಂದ ಭಾಗಿಸಲು ಹೊರಟಳು. ನಮ್ಮ ಬಡಿಗ್ಯಾರು ಹಾಗೆ ಲೆಕ್ಕ ಹಾಕುವುದಿಲ್ಲ. "ಮೊದಲ ಎರಡೂ ತುದಿಗೆ ಇಟ್ಟ ಬಿಡ್ರಿ, ನಡುವಿಂದು ಆಮ್ಯಾಲೆ ಹಂಚೂಣು" ಎನ್ನುತ್ತಾರೆ. ಸ್ಕ್ರಿಪ್ಟೂ ಅದನ್ನೇ ಮಾಡಬೇಕು. ಒಂದು ಜಂತಿಯ ಅಗಲ ಕಳೆದರೆ 3.5 ಉಳಿಯುತ್ತದೆ. ಅದನ್ನು 0.45ರಿಂದ ಭಾಗಿಸಿದರೆ 7.78. ಇಲ್ಲಿ ಕೆಳಗಿನ ಪೂರ್ಣಾಂಕ ಕೊಡುವ ಇಂಟ್ ಬಳಸಿದರೆ 7 ಅಂತರ ಸಿಕ್ಕು, ಒಂದೊಂದೂ 0.5 ಮೀಟರ್ ಆಗುತ್ತದೆ, ಮಿತಿ ಮೀರಿತು. ಮೇಲಿನ ಪೂರ್ಣಾಂಕ ಕೊಡುವ ಸೀಲ್ ಬಳಸಿದರೆ 8 ಅಂತರ, 9 ಜಂತಿ, ನಿಜವಾದ ಅಂತರ 0.4375. ಹಾಗಾಗಿ ಬಳಕೆದಾರನ ಕೈಗೆ ಕೊಡಬೇಕಾದದ್ದು ಕೋಣೆಯ ಅಳತೆ, ಜಂತಿಯ ಗಾತ್ರ, ಗರಿಷ್ಠ ಅಂತರ ಮಾತ್ರ. ಜಂತಿಯ ಸಂಖ್ಯೆಯನ್ನು ಕೈಗೆ ಕೊಡಬಾರದು, ಅದು ಲೆಕ್ಕದಿಂದಲೇ ಬರಬೇಕು. ಯಾವುದು ಕೊಡುವ ಅಳತೆ, ಯಾವುದು ಹುಟ್ಟುವ ಅಳತೆ ಎಂದು ಬೇರ್ಪಡಿಸುವುದೇ ಈ ಕೆಲಸದ ಜೀವಾಳ. ಆಜ್ಞೆಗಳು ವಾರದಲ್ಲಿ ಬಾಯಿಪಾಠವಾಗುತ್ತವೆ.

ಇನ್ನು ಬರೆಯುವುದು ಸಲೀಸು. ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪಿನಲ್ಲಿ ಎಣಿಕೆಯ ಐ ಸೊನ್ನೆಯಿಂದ 8ರವರೆಗೆ, ಆಡ್‌ಎಕ್ಸ್‌ನಿಂದ ಐ ಗುಣಿಲೆ ಅಂತರದಷ್ಟು ಸರಿದು, ಬ್ಲಾಕ್‌ನಿಂದ ಜಂತಿ ಇಟ್ಟು, ಕೊನೆಯ ಸರಿತವನ್ನು ಅಳಿಸುವ ಡೆಲ್ 1ರಿಂದ ಮೂಲಕ್ಕೆ ಮರಳುವುದು.

ಅವಳು ಡೆಲ್ ಮರೆತಳು. "ಸರ, ಜಂತಿ ಗ್ವಾಡಿ ಹೊರಗ ಹೊಂಟಾವ್ರಿ!" ಆಡ್‌ಎಕ್ಸ್ ಸರಿಸುವುದು ಜಂತಿಯನ್ನಲ್ಲ, ಅಳೆಯುವ ಮೂಲಬಿಂದುವನ್ನು. ವಾಪಸು ತರದಿದ್ದರೆ ಸರಿದದ್ದರ ಮೇಲೆ ಮತ್ತೆ ಸರಿಯುತ್ತದೆ: 0, 1, 3, 6, 10 ಅಂತರಗಳು. ಐದನೇ ಜಂತಿ 4.375 ಮೀಟರಿಗೆ ಬಿತ್ತು, ಪಡಸಾಲೆ ಇದ್ದದ್ದೇ 3.6! ಅಂತರ ಹೀಗೆ ಹಿಗ್ಗುತ್ತಾ ಹೋದದ್ದು ಕಂಡರೆ ಬೇರೆಲ್ಲೂ ಹುಡುಕದೆ ಡೆಲ್ ನೋಡಿ.

ಪ್ಲ್ಯಾನಿಗೆ ಪ್ರಾಜೆಕ್ಟ್2 ಎಂಬ ಆಜ್ಞೆ ಒಂದೇ ಸಾಲಿನಲ್ಲಿ ಮೂರು ಆಯಾಮದ ಆಕಾರದಿಂದ ಗೆರೆ ತೆಗೆದುಕೊಡುತ್ತದೆ. ಆದರೆ ವಸ್ತುಗಳು ಹೆಚ್ಚಾದಂತೆ ನಕ್ಷೆ ನಿಧಾನವಾಗುತ್ತದೆ. ಜಂತಿಯಂಥ ಸರಳ ಆಕಾರಕ್ಕೆ ಅದೇ ಲೂಪಿನಲ್ಲಿ ಆಯತ ಎಳೆಯುವ ರೆಕ್ಟ್2 ಬರೆದುಬಿಡಿ.