ಹಂಚು ಮುಟ್ಟಿದ ಕೈ, ಬಿಸಿ ತಿಳಿಯದ ಕಾಲು

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನಲು ಹೋದಾಗ ನಾನು ಆದಷ್ಟು ಒಲೆ ಕಾಣುವ ಜಾಗದಲ್ಲೇ ಕೂರುತ್ತೇನೆ. ದೋಸೆ ಹಾಕುವವರ ಕೈ ನೋಡುವುದೇ ಒಂದು ಖುಷಿ. ಹಂಚಿಗೆ ನೀರು ಚಿಮುಕಿಸುತ್ತಾರೆ, ಪೊರಕೆಯಲ್ಲಿ ಚುರ್ರ್ ಎಂದು ಗುಡಿಸುತ್ತಾರೆ, ಹಿಟ್ಟು ಹುಯ್ದು ಸುತ್ತುತ್ತಾರೆ, ಮೇಲೆ ಬೆಣ್ಣೆ ಬೀಳುತ್ತದೆ. ಸೌದೆ ಉರಿಯ ಮೇಲೆ ಬೆಳಿಗ್ಗೆಯಿಂದ ಇದೇ ಕೆಲಸ.

ಒಂದು ದಿನ ನಾನು ನೋಡುತ್ತಿದ್ದಾಗಲೇ ಅವರ ಮಣಿಕಟ್ಟು ಹಂಚಿನ ಅಂಚಿಗೆ ತಾಗಿತು. ಕೈ ತಟ್ಟನೆ ಹಿಂದೆ ಬಂತು. ಆಮೇಲೆ "ಸ್ಸ್" ಅಂದರು. ಮುಖ ಕಿವುಚಿದ್ದು ಅದಕ್ಕೂ ಆಮೇಲೆ. ಪಕ್ಕದ ನಲ್ಲಿಗೆ ಕೈ ಒಡ್ಡಿದರು, ಕೈ ಒರೆಸಿಕೊಂಡು ಮತ್ತೆ ಹಂಚಿನ ಮುಂದೆ ನಿಂತರು. (ಸುಟ್ಟ ಜಾಗವನ್ನು ಹರಿಯುವ ನೀರಿನಡಿ 20 ನಿಮಿಷ ಹಿಡಿಯಬೇಕು. ಪೇಸ್ಟು, ಬೆಣ್ಣೆ ಏನೂ ಹಚ್ಚಬಾರದು. ಆದರೆ ಗಿರಾಕಿಗಳು ಕಾಯುತ್ತಿರುವಾಗ ಯಾರಿಗಿದೆ ಅಷ್ಟು ಹೊತ್ತು?)

ಮೊದಲು ಕೈ ಬಂತು, ಆಮೇಲೆ ನೋವು ಬಂತು. ನಮಗೆಲ್ಲ ಇದು ತಿರುಗುಮುರುಗಾಗಿ ಅನಿಸುತ್ತದೆ. "ನೋವಾಯಿತು, ಅದಕ್ಕೇ ಕೈ ಎಳೆದುಕೊಂಡೆ" ಅನ್ನುತ್ತೇವೆ, ಅಲ್ವಾ? ನಿಜಕ್ಕೂ ಬಿಸಿಯ ಸುದ್ದಿ ಮಣಿಕಟ್ಟಿನಿಂದ ಹೊರಟು ಕುತ್ತಿಗೆ ಹತ್ತಿರ ಬೆನ್ನುಹುರಿಯನ್ನು ಮುಟ್ಟಿದ ಕೂಡಲೇ ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಬೆನ್ನುಹುರಿ ಕಿರುಬೆರಳಿನಷ್ಟು ದಪ್ಪ, ಸುಮಾರು 45 ಸೆಂಟಿಮೀಟರ್ ಉದ್ದ. ಅದರಿಂದ 31 ಜೋಡಿ ನರಗಳು ಹೊರಡುತ್ತವೆ. ಸುದ್ದಿ ತಂದ ನರ ಅಲ್ಲಿನ ನರಕೋಶಗಳಿಗೆ ವಿಷಯ ದಾಟಿಸುತ್ತದೆ, ಅವು ತೋಳಿನ ಸ್ನಾಯುಗಳಿಗೆ "ಎಳಿ" ಅನ್ನುತ್ತವೆ. ಮೆದುಳಿಗೂ ಸುದ್ದಿ ಹೋಗುತ್ತದೆ. ಅದು ತಲುಪಿ ನಮಗೆ ಅರಿವಾಗುವಷ್ಟರಲ್ಲಿ ಕೈ ಹಂಚು ಬಿಟ್ಟಿರುತ್ತದೆ. ಶಾಲೆಯ ಪುಸ್ತಕದಲ್ಲಿ ಇದನ್ನು ಪರಾವರ್ತಿತ ಕ್ರಿಯೆ ಎಂದು ಓದಿರುತ್ತೇವೆ.

ಹಾಗಂತ ಮೆದುಳು ಸುಮ್ನೆ ಕೂತಿರುವುದಿಲ್ಲ. ಬಿಸಿ ಸಾರಿನ ಪಾತ್ರೆ ಹಿಡಿದು ಬರುವಾಗ ಕಾಲ ಹತ್ತಿರ ಮಗು ಬಂದರೆ, ಕೈ ಸುಡುತ್ತಿದ್ದರೂ ತಾಯಿ ಪಾತ್ರೆ ಬಿಡುವುದಿಲ್ಲ. ಆಗ "ತಡಿ" ಎಂಬ ಅಪ್ಪಣೆ ಮೆದುಳಿನಿಂದ ಕೆಳಗೆ ಇಳಿದು ಬಂದಿರುತ್ತದೆ. ಸುಮಾರು 8,600 ಕೋಟಿ ನರಕೋಶಗಳಿರುವ, ಒಂದೂಕಾಲು ಕೆಜಿಗೆ ತುಸು ಮೇಲಿರುವ ಈ ಅಂಗ ನಮ್ಮ ತೂಕದಲ್ಲಿ ನೂರಕ್ಕೆ 2 ಪಾಲು. ಆದರೆ ಸುಮ್ಮನೆ ಕೂತಾಗಲೂ ದೇಹದ ಶಕ್ತಿಯಲ್ಲಿ ನೂರಕ್ಕೆ 20 ಪಾಲು ಇದಕ್ಕೇ ಬೇಕು.

ಸುಟ್ಟುಕೊಂಡವರು ಇನ್ನೊಂದು ವಿಷಯ ಗಮನಿಸಿರುತ್ತಾರೆ. ಮೊದಲು ಚುರ್ ಎಂದು ಚುಚ್ಚುತ್ತದೆ. ಒಂದು ಕ್ಷಣ ಬಿಟ್ಟು ಉರಿ ಶುರುವಾಗುತ್ತದೆ, ಅದು ಬೇಗ ಹೋಗುವುದಿಲ್ಲ. ಇವೆರಡೂ ಬೇರೆ ಬೇರೆ ತಂತಿಗಳಲ್ಲಿ ಬರುತ್ತವೆ. ಚುಚ್ಚುವ ನೋವಿನ ತಂತಿಗೆ ಮಯಲಿನ್ ಎಂಬ ಕೊಬ್ಬಿನ ತೆಳು ಹೊದಿಕೆ ಇದೆ. ಹೊದಿಕೆಯ ನಡುವೆ ಅಲ್ಲಲ್ಲಿ ಬಿಟ್ಟ ಸಂದುಗಳಿಂದ ಸಂದುಗಳಿಗೆ ಸುದ್ದಿ ಹಾರುತ್ತಾ ಹೋಗುತ್ತದೆ. ಸೆಕೆಂಡಿಗೆ 5ರಿಂದ 30 ಮೀಟರ್ ವೇಗ. ಉರಿಯ ತಂತಿಗೆ ಹೊದಿಕೆಯೇ ಇಲ್ಲ. ಅದರ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್. ನಾವು ನಡೆಯುವುದೇ ಅದಕ್ಕಿಂತ ಜಾಸ್ತಿ.

ನರದ ವೇಗವನ್ನು ಅಳೆಯಲು ಸಾಧ್ಯವೇ ಇಲ್ಲ ಎಂದು ಒಂದು ಕಾಲದಲ್ಲಿ ದೊಡ್ಡ ವಿಜ್ಞಾನಿಗಳೂ ನಂಬಿದ್ದರು. 1850ರಲ್ಲಿ ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರದಲ್ಲಿ ಅದನ್ನು ಅಳೆದರು. ಸೆಕೆಂಡಿಗೆ ಸುಮಾರು 27 ಮೀಟರ್ ಬಂತು. ನಮ್ಮೂರಿನ ಪಕ್ಕದ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕಾರು ಓಡುವಷ್ಟೇ ವೇಗ! ಮನೆಯ ವೈರಿನಲ್ಲಿ ಹರಿಯುವ ಕರೆಂಟಿಗೂ ನರದ ಕರೆಂಟಿಗೂ ಇರುವ ವ್ಯತ್ಯಾಸ ಗೊತ್ತಾಗಿದ್ದು ಹೀಗೆ. ನರದಲ್ಲಿ ಓಡುವುದು ಉಪ್ಪಿನ ಆಟ. ಸುಮ್ಮನಿರುವ ನರಕೋಶದ ಒಳಗು ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಸುದ್ದಿ ಬಂದಾಗ ಕೋಶದ ಗೋಡೆಯಲ್ಲಿನ ಪುಟ್ಟ ಬಾಗಿಲು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ. ಹಿಂದೆಯೇ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಈ ತೆರೆದು ಮುಚ್ಚುವ ಆಟ ಪಕ್ಕದ ಬಾಗಿಲನ್ನು ಎಬ್ಬಿಸುತ್ತದೆ, ಅದು ಅದರ ಪಕ್ಕದ್ದನ್ನು. ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರದಲ್ಲಿ ಇದನ್ನು ಬಿಡಿಸಿ ತೋರಿಸಿದವರು ಬ್ರಿಟನ್ನಿನ ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ, 1952ರಲ್ಲಿ.

ಬಿಸಿಯನ್ನು ಮೊದಲು ಹಿಡಿಯುವವರು ಯಾರು? ಇದಕ್ಕೆ ಉತ್ತರ ಮಂಡಕ್ಕಿ ಮಿರ್ಚಿ ತಟ್ಟೆಯಲ್ಲೇ ಇದೆ. ನರದ ತುದಿಯಲ್ಲಿ ಒಂದು ಪ್ರೋಟೀನ್ ಬಾಗಿಲಿದೆ, ಹೆಸರು ಟಿಆರ್‌ಪಿವಿ1. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತೆರೆಯುತ್ತದೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ತಾಗಿದರೂ ಅದೇ ಬಾಗಿಲು ತೆರೆಯುತ್ತದೆ. ಮೆದುಳಿಗೆ ಹೋಗುವ ಸುದ್ದಿ ಒಂದೇ: ಸುಡುತ್ತಿದೆ. ಆದ್ದರಿಂದಲೇ ಖಾರ ತಿಂದು "ಬಾಯಿ ಸುಟ್ಟುಹೋಯಿತು" ಅನ್ನುತ್ತೇವೆ. ಮಿರ್ಚಿ ಕಚ್ಚಿದ ಮೇಲೆ ಬಿಸಿ ಟೀ ಕುಡಿದರೆ ತಡೆಯೋಕಾಗಲ್ಲ, ಯಾಕೆಂದರೆ ಖಾರ ತಾಗಿದ ಬಾಗಿಲು ಕಡಿಮೆ ಬಿಸಿಗೂ ತೆರೆದುಕೊಳ್ಳುತ್ತದೆ. 1997ರಲ್ಲಿ ಇದನ್ನು ಪತ್ತೆ ಮಾಡಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಇಷ್ಟೆಲ್ಲ ನಾನು ಹುಡುಕಿ ಓದಿದ್ದು ನಮ್ಮ ದೊಡ್ಡಮ್ಮನ ಕಾಲಿನಿಂದಾಗಿ. ಅವರಿಗೆ ಹದಿನೈದು ವರ್ಷದಿಂದ ಶುಗರ್. ದುಗ್ಗಮ್ಮನ ಜಾತ್ರೆಯಲ್ಲಿ ಬರಿಗಾಲಲ್ಲಿ ನಡೆದು ಬಂದಿದ್ದರು. ಸಂಜೆ ಕಾಲು ತೊಳೆಯಲು ಕೂತಾಗ ಎರಡೂ ಅಂಗಾಲಿನಲ್ಲಿ ನಿಂಬೆಹಣ್ಣಿನಷ್ಟು ಬೊಬ್ಬೆ. ಮಧ್ಯಾಹ್ನದ ಟಾರು ರಸ್ತೆ ಸುಟ್ಟಿತ್ತು. "ಗೊತ್ತೇ ಆಗ್ಲಿಲ್ಲ ಕಣವ್ವಾ, ಅರಳೆ ಮ್ಯಾಲೆ ನಡದಂಗಿತ್ತು" ಅಂದರು. ದೊಡ್ಡಪ್ಪ ಹತ್ತಿ ಗಿರಣಿಯಲ್ಲಿ ದುಡಿದವರು, ಅರಳೆ ಅವರ ಮನೆಯ ಮಾತು. ಆದರೆ ಅಂಗಾಲಿನಡಿ ಹತ್ತಿ ಇದ್ದಂತೆ ಅನಿಸುವುದು ಎಷ್ಟೋ ಸಕ್ಕರೆ ಕಾಯಿಲೆಯವರು ಹೇಳುವ ಮಾತು ಎಂದು ನನಗೆ ಆಮೇಲೆ ತಿಳಿಯಿತು.

ಕಾಲಿಗೇ ಯಾಕೆ ಮೊದಲು? ಹೆಬ್ಬೆರಳಿನ ತುದಿಯ ಸ್ಪರ್ಶ ತಿಳಿಸುವ ನರಕೋಶ ಕೂತಿರುವುದು ಸೊಂಟದ ಹತ್ತಿರ, ಬೆನ್ನುಹುರಿಯ ಪಕ್ಕದಲ್ಲಿ. ಅಲ್ಲಿಂದ ಒಂದೇ ಕೋಶದ ಎಳೆ ಸುಮಾರು ಒಂದು ಮೀಟರ್ ಇಳಿದು ಬೆರಳು ಮುಟ್ಟುತ್ತದೆ. ಆ ತುದಿಗೆ ಬೇಕಾದ ಪ್ರೋಟೀನುಗಳಲ್ಲಿ ಬಹುಪಾಲು ಅಷ್ಟು ದೂರದಿಂದ ಸಾಗಿಬರಬೇಕು. ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ನರವೂ, ಅದಕ್ಕೆ ರಕ್ತ ಕೊಡುವ ಸಣ್ಣ ನಾಳಗಳೂ ಸೊರಗುತ್ತವೆ. ಎಲ್ಲಕ್ಕಿಂತ ಉದ್ದದ ಎಳೆಯ ತುದಿ ಮೊದಲು ಬಾಡುತ್ತದೆ. ಕಾಲುಚೀಲ ಹಾಕಿದ ಹಾಗೆ ಜೋಮು ಬೆರಳಿನಿಂದ ಮೇಲಕ್ಕೆ ಏರುತ್ತದೆ. ಸುದ್ದಿಯೇ ಹೊರಡದಿದ್ದರೆ ಬೆನ್ನುಹುರಿ ಏನು ತೀರ್ಮಾನ ಮಾಡೀತು? ಕಾಲು ಹಿಂದೆ ಬರುವುದಿಲ್ಲ, ಗಾಯ ಗೊತ್ತಾಗುವುದಿಲ್ಲ, ಅದರ ಮೇಲೇ ಮತ್ತೆ ನಡೆಯುತ್ತೇವೆ.

ಡಾಕ್ಟರು ದೊಡ್ಡಮ್ಮನನ್ನು ಮಲಗಿಸಿ, ಕಣ್ಣು ಮುಚ್ಚಿ ಮುಟ್ಟಿದ್ದು ಗೊತ್ತಾದಾಗ ಹೇಳಿ ಅಂದರು. ಮೀನು ಹಿಡಿಯುವ ದಾರದಂಥ ಒಂದು ನೈಲಾನ್ ಎಳೆ ತೆಗೆದರು. ಅದು 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ. ಹೆಬ್ಬೆರಳಿನ ಅಡಿ ಒತ್ತಿದರು, ಎಳೆ ಬಿಲ್ಲಿನಂತೆ ಬಾಗಿತು. ಪಾದದ ಮುಂಭಾಗದಲ್ಲಿ ಒತ್ತಿದರು, ಅಲ್ಲೂ ಬಾಗಿತು. ನಾಲ್ಕನೇ ಸಲ ಒತ್ತಿ ತೆಗೆದಾಗ ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದರು: "ಯಾವಾಗ ಶುರು ಮಾಡ್ತೀರಿ ಡಾಕ್ಟ್ರೇ?"

ನನಗೆ ಅಳು ಬಂತು.

ಈಗ ಅವರ ಮನೆಯಲ್ಲಿ ರಾತ್ರಿ ಊಟ ಆದ ಮೇಲೆ ಮೊಮ್ಮಗಳು ಒಂದು ಕನ್ನಡಿ ತಂದು ಅಜ್ಜಿಯ ಅಂಗಾಲಿನಡಿ ಹಿಡಿಯುತ್ತಾಳೆ. ಬೆರಳ ಸಂದು, ಹಿಮ್ಮಡಿ, ಎಲ್ಲ ನೋಡಿ "ಏನಿಲ್ಲ ಅಜ್ಜಿ" ಅನ್ನುತ್ತಾಳೆ. ಮನೆಯೊಳಗೂ ಮೆತ್ತನೆ ಚಪ್ಪಲಿ. ಬಚ್ಚಲಿನಲ್ಲಿ ಬಿಸಿನೀರಿಗೆ ಕಾಲು ಇಡುವ ಮುಂಚೆ ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಬಗ್ಗಿ, ಮೊಣಕೈ ಅದ್ದಿ ನೋಡುತ್ತಾರೆ. ಮೊಣಕೈಯ ನರ ಗಿಡ್ಡ. ಅಲ್ಲಿಂದ ಇನ್ನೂ ಸುದ್ದಿ ಬರುತ್ತದೆ.